ಭೂಕಂಪವೂ ಪಾಪಫಲವೂ

ನಾಡಿಗೆ ಮಹಾವಿಪತ್ತು ಒದಗಿದೊಡನೆ ‘ಇದು ಯಾರ ಪಾಪದ ಫಲ?’ ಎಂದು ಕೇಳುವುದು ಮನುಷ್ಯಸ್ವಭಾವ. ಈ ಪ್ರಶ್ನೆ ಮಹಾಪುರುಷರಿಬ್ಬರ ನಡುವೆಯೂ ಒಮ್ಮೆ ಚರ್ಚೆಗೆ ಬಂದಿತ್ತು.

1934ರ ಜನವರಿ 15ರ ಮಧ್ಯಾಹ್ನ ಬಿಹಾರ, ನೇಪಾಳಗಳಲ್ಲಿ ಭೂಮಿ ಕಂಪಿಸಿತು. ಮುಂಗೇರ್, ಮುಜಫರಪುರ ಪಟ್ಟಣಗಳು ನೆಲಕಚ್ಚಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣ ಭಾರತದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿಯವರು, ಇದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದರು. ಆ ಅನಿಷ್ಟವನ್ನು ಅವರಂತೆಯೇ ಖಂಡಿಸುತ್ತಿದ್ದ ಕವಿವರ್ಯ ರವೀಂದ್ರನಾಥ ಠಾಕೂರರು ಇದನ್ನೊಪ್ಪದೆ, ಪ್ರಕೃತಿಯ ಉತ್ಪಾತಕ್ಕೆ ಕಾರಣವು ಪ್ರಕೃತಿಯಲ್ಲಿಯೇ ಇದೆಯೆಂದು ಪ್ರತಿಪಾದಿಸಿದರು. ಗಾಂಧೀಜಿಯವರು ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿ, ತಮ್ಮ ನಂಬಿಕೆಯನ್ನು ಬಿಡದೆ ಉತ್ತರವಿತ್ತರು. ಭಿನ್ನಮತವನ್ನು ಗೌರವಿಸುವ ಈ ಪರಿ ನಮಗೆ ಮೊದಲ ಪಾಠ.

ಆದರೆ ವಿಚಾರಕ್ಕೆ ನಿಲ್ಲುವುದು ಠಾಕೂರರ ಪಕ್ಷವೇ. ಭಾರತದ ಭೂಫಲಕವು ಉತ್ತರಕ್ಕೆ ಸರಿಯುತ್ತ ಹಿಮಾಲಯದಡಿ ನುಗ್ಗುವುದರಿಂದ ಅಲ್ಲಿ ಕಂಪನಗಳಾಗುತ್ತವೆ. ಗಂಗಾಬಯಲಿನ ಮೆಕ್ಕಲುಮಣ್ಣು ಹಾನಿಯನ್ನು ಹೆಚ್ಚಿಸಿತು. ಅಸ್ಪೃಶ್ಯತೆಗೆ ಇದು ಶಿಕ್ಷೆಯಾಗಿದ್ದರೆ, ಆ ಪಾಪದಿಂದ ನೊಂದವರೇ ಏಕೆ ಮಡಿಯಬೇಕಿತ್ತು? ತೊಟ್ಟಿಲ ಕೂಸು ಮಾಡಿದ ಅಪರಾಧವಾದರೂ ಏನು?

ಅಸ್ಪೃಶ್ಯತೆ ಪಾಪವೇ, ಅದನ್ನು ತೊರೆಯಲು ಭೂಕಂಪದ ಭಯ ಬೇಕಿಲ್ಲ. ಭಯದಿಂದ ಬಿಟ್ಟದ್ದು ಭಯ ಕಳೆದೊಡನೆ ಮರಳುತ್ತದೆ. ಅದೇ ಮಾರ್ಚಿಯಲ್ಲಿ ಗಾಂಧೀಜಿಯವರು ಬಿಹಾರಕ್ಕೆ ತೆರಳಿ ಸಂತ್ರಸ್ತರ ನಡುವೆ ನಿಂತರು. ಅವರ ಆ ನಡೆಯೇ ನಮಗೆ ಗ್ರಾಹ್ಯ. ನೊಂದವರ ಮೇಲೆ ಪಾಪದ ಹೊರೆ ಹೊರಿಸುವುದು ಶರಣಧರ್ಮವಲ್ಲ. ದಾಸೋಹಭಾವದಿಂದ ಅವರೆಡೆಗೆ ಧಾವಿಸುವುದೇ ಧರ್ಮ. ‘ಯಾರ ಪಾಪ?’ ಎನ್ನುವ ವಿದ್ಯಾರ್ಥಿಗೆ, ‘ಯಾರಿಗೆ ಆಸರೆ ಬೇಕು?’ ಎಂದು ಕೇಳುವುದನ್ನು ಕಲಿಸೋಣ.