ಮಚ್ಚು ಕೊಳ್ಳುವವರಿಗೆ

ಸಂತೆಯಲ್ಲಿ ಕಮ್ಮಾರನು ಹರಡಿಟ್ಟ ಮಚ್ಚುಗಳ ಪೈಕಿ ಅತ್ಯಂತ ದಪ್ಪವೂ ದೀರ್ಘವೂ ಆದುದನ್ನೇ ಕೈಗೆತ್ತಿಕೊಂಡು, ತೆತ್ತ ಹಣಕ್ಕೆ ತಕ್ಕಷ್ಟು ಕಬ್ಬಿಣ ದೊರೆಯಿತೆಂದು ಸಂತುಷ್ಟರಾಗುವ ಮಹನೀಯರೇ, ಕೊಂಚ ತಾಳಿರಿ. ತೂಕ ಹೆಚ್ಚಿದಂತೆ ಬೆಲೆ ಏರುವುದು ಸಹಜ. ಕಡಿಯುವ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಏರುವುದೆಂಬುದು ಮಾತ್ರ ಭ್ರಮೆ.

ಹಳೆಯ ಲಾರಿಯ ಸ್ಪ್ರಿಂಗು ಪಟ್ಟಿಯಿಂದ ಮಾಡಿದ ಮಚ್ಚಿನ ಉಕ್ಕು ಸಾಮಾನ್ಯವಾಗಿ ಉತ್ತಮವಾದುದೇ. ಆದರೆ ಪಟ್ಟಿಯ ಮೂಲ ದಪ್ಪವನ್ನು ಇಳಿಸದೆ, ತುದಿಯಂಚನ್ನಷ್ಟೇ ಉಜ್ಜಿ ಹರಿತಗೊಳಿಸಿದ 6 ಮಿ.ಮೀ. ಅಲಗು, ಹಸಿಗೊಂಬೆಯೊಳಗೆ ಬೆರಳಗಲ ಇಳಿಯುವಷ್ಟರಲ್ಲಿ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಅಲುಗಿಸಿ ಬಿಡಿಸುವುದರಲ್ಲೇ ಅರ್ಧ ಶ್ರಮ ವ್ಯಯವಾಗುತ್ತದೆ. ಲಂಟಾನದ ಎಳೆಯ ಪೊದೆ ಸವರುವುದಕ್ಕೆ 2–3 ಮಿ.ಮೀ. ಅಲಗೇ ಯೋಗ್ಯ, ಏಕೆಂದರೆ ಅಲ್ಲಿ ತೂಕಕ್ಕಿಂತ ಬೀಸಿನ ವೇಗವೇ ಮುಖ್ಯ. ಸೌದೆ ಸೀಳುವುದಕ್ಕೂ ಎಳನೀರು ಕೆತ್ತುವುದಕ್ಕೂ ದಪ್ಪ ಬೆನ್ನು ಬೇಕು, ನಿಜ. ಆಗಲೂ ಬೆನ್ನಿನಿಂದ ಬಾಯಿಯವರೆಗೆ ಅಲಗು ಕ್ರಮೇಣ ತೆಳುವಾಗಿರುವುದನ್ನು ನೋಡಿಯೇ ಕೊಳ್ಳತಕ್ಕದ್ದು. ಆ ಇಳಿಜಾರನ್ನು ಬಡಿದು ತರುವ ದುಡಿಮೆಗೆ ಕಮ್ಮಾರನು ನಾಲ್ಕು ಕಾಸು ಹೆಚ್ಚು ಕೇಳಿದರೆ ದಯವಿಟ್ಟು ಚೌಕಾಸಿ ಮಾಡಬೇಡಿ.

ಇನ್ನು ಉದ್ದ. ಅಗಲ, ದಪ್ಪಗಳು ಒಂದೇ ಆಗಿದ್ದು ಅಲಗಿನ ಉದ್ದ ಇಮ್ಮಡಿಯಾದರೆ ತೂಕವೂ ಇಮ್ಮಡಿಯಾಗುತ್ತದೆ. ಹಿಡಿಯ ಬುಡದಿಂದ ಅದನ್ನು ಬೀಸುವಾಗ ಎದುರಾಗುವ ಜಡತ್ವವಾದರೋ ಎಂಟುಪಟ್ಟು! ದಣಿದ ಕೈಯಿಂದ ಗುರಿ ತಪ್ಪುತ್ತದೆ, ತಪ್ಪಿದ ಏಟು ಮೊಣಕಾಲಿನ ದಿಕ್ಕು ಹಿಡಿಯುತ್ತದೆ.

ಆದುದರಿಂದ ಕೊಳ್ಳುವ ಮುನ್ನ, ಸುತ್ತ ಯಾರೂ ಇಲ್ಲದೆಡೆ, ಮೆಲ್ಲನೆ ಹತ್ತಾರು ಬಾರಿ ಬೀಸಿ ನೋಡಿರಿ; ಮಣಿಕಟ್ಟು ಸೋತಂತಾದರೆ ಅದನ್ನು ಅಲ್ಲಿಯೇ ಇರಿಸಿ, ಅದರ ತಮ್ಮನನ್ನು ಕೇಳಿರಿ.