ನಾಡಿ ಹಿಡಿದರೆ ಮನಸ್ಸು ಸಿಗುತ್ತಾ?

ವೈವಾ ರೂಮಿನ ಹೊರಗೆ ನಿಂತಾಗ ಎದೆ ಡವಡವ ಅನ್ನೋದು ನಮಗೆಲ್ಲ ಗೊತ್ತು. ಆ ಡವಡವ ಕೇಳಿ ಮನಸ್ಸಿನಲ್ಲಿರೋದನ್ನ ಹೇಳಬಹುದಾ? ಎರಡನೇ ಶತಮಾನದ ರೋಮ್‌ನಲ್ಲಿ ಗ್ಯಾಲೆನ್ ಎಂಬ ಗ್ರೀಕ್ ವೈದ್ಯ ಇದನ್ನು ಪರೀಕ್ಷಿಸಿಯೇ ನೋಡಿದ್ದ.

ಜಸ್ಟಸ್ ಎಂಬುವನ ಹೆಂಡತಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಜ್ವರವೂ ಇಲ್ಲ. ಏನು ಕೇಳಿದರೂ ಸರಿಯಾದ ಉತ್ತರವಿಲ್ಲ. ಗ್ಯಾಲೆನ್ ಅಲ್ಲಿದ್ದಾಗಲೇ ಯಾರೋ ಬಂದು, ಪೈಲಡೀಸ್ ಎಂಬ ನರ್ತಕ ಕುಣಿಯೋದನ್ನ ನೋಡಿಬಂದೆ ಅಂದರು. ಅವಳ ಮುಖದ ಬಣ್ಣ ಬದಲಾಯಿತು, ನಾಡಿ ಏರುಪೇರಾಯಿತು. ನಾವಾಗಿದ್ದರೆ ಅಷ್ಟಕ್ಕೇ ಕಥೆ ಕಟ್ಟಿಬಿಡುತ್ತಿದ್ದೆವು! ಗ್ಯಾಲೆನ್ ಮರುದಿನ ಬೇಕಂತಲೇ ಮಾರ್ಫಸ್ ಎಂಬ ಬೇರೆ ನರ್ತಕನ ಹೆಸರು ಹೇಳಿಸಿದ. ನಾಡಿ ಅಲ್ಲಾಡಲಿಲ್ಲ. ಮೂರನೇ ದಿನ ಇನ್ನೊಬ್ಬನ ಹೆಸರು, ಆಗಲೂ ಇಲ್ಲ. ನಾಲ್ಕನೇ ದಿನ ಮತ್ತೆ ಪೈಲಡೀಸ್. ನಾಡಿ ಮತ್ತೆ ಕದಡಿತು. ಲ್ಯಾಬಿನಲ್ಲಿ ನಾವು 'ಕಂಟ್ರೋಲ್' ಅಂತೀವಲ್ಲ, ಅದೇ ಇದು.

ಮಲತಾಯಿಯನ್ನು ಪ್ರೀತಿಸಿ ಹಾಸಿಗೆ ಹಿಡಿದ ರಾಜಕುಮಾರ ಆಂಟಿಯೋಕಸ್‌ನ ಗುಟ್ಟನ್ನು ವೈದ್ಯ ಎರಾಸಿಸ್ಟ್ರೇಟಸ್ ಪತ್ತೆಮಾಡಿದ ಕಥೆ ಇದಕ್ಕೂ ಹಳೆಯದು. ಅದನ್ನೇ ಚಿತ್ರಿಸಿ ಝಾಕ್-ಲೂಯಿ ದಾವೀದ್ 1774ರಲ್ಲಿ ಫ್ರಾನ್ಸಿನ 'ಪ್ರಿ ದ ರೋಮ್' ಬಹುಮಾನ ಗೆದ್ದ. ಆದರೆ ನನಗೆ ಈ ಕಥೆಗಳಿಗಿಂತ ಇಷ್ಟವಾದದ್ದು ಗ್ಯಾಲೆನ್ ಸೇರಿಸಿದ ಒಂದು ಮಾತು: ಪ್ರೇಮಕ್ಕೆಂದೇ ಬೇರೆ ನಾಡಿ ಇಲ್ಲ, ಮನಸ್ಸು ಕದಡಿದರೆ ನಾಡಿಯೂ ಕದಡುತ್ತದೆ, ಅಷ್ಟೇ.

ಯಾಕೆ ಅಂತ ಈಗ ಗೊತ್ತು. ನರಗಳ ಹಂಗಿಲ್ಲದೆ ಬಿಟ್ಟರೆ ನಮ್ಮ ಹೃದಯ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತೆ. ವೇಗಸ್ ನರ ಸದಾ ಬ್ರೇಕ್ ಒತ್ತಿ ಹಿಡಿದಿರೋದರಿಂದಲೇ ಅದು 70ರ ಆಸುಪಾಸಿನಲ್ಲಿರೋದು. ಗಾಬರಿಯಾದರೆ ಬ್ರೇಕ್ ಸಡಿಲವಾಗುತ್ತೆ, ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ನೂ ಆಕ್ಸಿಲರೇಟರ್ ತುಳಿಯುತ್ತವೆ. ಭಯ, ಸಿಟ್ಟು, ಪ್ರೀತಿ, ಮೂರು ಮಹಡಿ ಮೆಟ್ಟಿಲು, ಇನ್‌ಪುಟ್ ಯಾವುದಾದರೂ ಔಟ್‌ಪುಟ್ ಒಂದೇ. ಇಂಥ ಫಂಕ್ಷನ್‌ಗೆ ಇನ್ವರ್ಸ್ ಎಲ್ಲಿಂದ ತರೋದು? ಕೈಯಲ್ಲಿರೋ ಸ್ಮಾರ್ಟ್‌ವಾಚ್ 'ಸ್ಟ್ರೆಸ್' ಅಂದಾಗ ಇದು ನೆನಪಿರಲಿ.

ಇನ್ನು 'ಎದೆ ಒಡೆಯಿತು' ಅನ್ನೋ ಮಾತು. 1990ರಲ್ಲಿ ಜಪಾನಿನ ವೈದ್ಯರು ಒಂದು ಕಾಯಿಲೆಗೆ 'ಟಾಕೋತ್ಸುಬೋ' ಎಂದು ಹೆಸರಿಟ್ಟರು. ಅದು ಆಕ್ಟೋಪಸ್ ಹಿಡಿಯೋ ಮಡಕೆಯ ಹೆಸರು. ತೀವ್ರ ದುಃಖ ಅಥವಾ ಆಘಾತವಾದ ಮೇಲೆ ಹೃದಯದ ಎಡ ಕೆಳಕೋಣೆಯ ತುದಿ ಸರಿಯಾಗಿ ಕುಗ್ಗದೆ, ಆ ಮಡಕೆಯ ಹಾಗೆ ಉಬ್ಬುತ್ತೆ. ಹೆಚ್ಚಾಗಿ ಕಾಣಿಸೋದು ಮುಟ್ಟು ನಿಂತ ಹೆಂಗಸರಲ್ಲಿ, ಅಂದರೆ ನಮ್ಮ ಅಮ್ಮ, ಅಜ್ಜಿಯರ ವಯಸ್ಸಿನವರಲ್ಲಿ. ಬಹುಪಾಲು ಜನ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಸಾವೂ ಉಂಟು.

ಸಾವಿನ ಮನೆಯಲ್ಲಿ ಯಾರಾದರೂ ಎದೆ ಹಿಡಿದು ಕೂತರೆ 'ಟೆನ್ಷನ್ ಅಷ್ಟೇ, ಸ್ವಲ್ಪ ಮಲಗಿ' ಅನ್ನೋದು ನಮ್ಮ ಕಡೆ ರೂಢಿ. ಅದು ಟಾಕೋತ್ಸುಬೋನೋ ನಿಜವಾದ ಹಾರ್ಟ್ ಅಟ್ಯಾಕೋ ಅಂತ ಬರೀ ಇಸಿಜಿ ನೋಡಿ ಡಾಕ್ಟರೂ ಖಚಿತವಾಗಿ ಹೇಳೋದು ಕಷ್ಟ. ಸಾಮಾನ್ಯವಾಗಿ ಆಂಜಿಯೋಗ್ರಾಮ್ ಮಾಡಿ, ರಕ್ತನಾಳ ಕಟ್ಟಿಕೊಂಡಿಲ್ಲ ಅಂತ ಕಂಡ ಮೇಲೇ ಅದು ತಿಳಿಯೋದು.