ತೂಗುಸೇತುವೆ ದಾಟುವುದು ಹೀಗೆ: ಲುಕ್ಲಾದಿಂದ ನಾಮ್ಚೆಗೆ ಹೊರಟ ಹೊಸಬರಿಗೆ ಕೈಪಿಡಿ

ಎವರೆಸ್ಟ್ ತಪ್ಪಲಿನ ಚಾರಣಕ್ಕೆ ಹೊರಡುವವರಲ್ಲಿ ಅನೇಕರನ್ನು ಚಳಿಗಿಂತ, ಏರುದಾರಿಗಿಂತ ಹೆಚ್ಚಾಗಿ ಕಾಡುವುದು ತೂಗುಸೇತುವೆಗಳ ಭಯ. ನೇಪಾಳದ ಲುಕ್ಲಾದಿಂದ ನಾಮ್ಚೆ ಬಜಾರ್‌ವರೆಗಿನ ದಾರಿ ದೂಧ್ ಕೋಶಿ ನದಿಯನ್ನೂ ಅದನ್ನು ಸೇರುವ ತೊರೆಗಳನ್ನೂ ಮತ್ತೆ ಮತ್ತೆ ದಾಟುತ್ತದೆ. ಸುಮಾರು ಒಂದು ಮೀಟರ್ ಅಗಲ, ಕಾಲಡಿಯಲ್ಲಿ ಉಕ್ಕಿನ ಜಾಲರಿ, ಜಾಲರಿಯ ತೂತುಗಳಲ್ಲಿ ಕಾಣುವ ಬಿಳಿನೊರೆಯ ನೀರು. ಮೊದಲ ಸಲ ನೋಡಿದವರ ಎದೆ ಝಲ್ಲೆನ್ನುವುದು ಸಹಜ.

ಆದರೆ ಇದೇ ಸೇತುವೆಯ ಮೇಲೆ ಆ ಕಣಿವೆಯ ಮಕ್ಕಳು ಶಾಲೆಗೆ ಹೋಗುತ್ತಾರೆ, ಅಕ್ಕಿಮೂಟೆ ಬರುತ್ತದೆ, ಕಾಯಿಲೆಯವರನ್ನು ಹೊತ್ತು ಸಾಗಿಸುತ್ತಾರೆ. ಇದು ಅವರ ರಸ್ತೆ. ರಸ್ತೆ ಎಂದು ತಿಳಿದು ನಡೆದರೆ ಭಯವೂ ಹತೋಟಿಗೆ ಬರುತ್ತದೆ, ಹೇಗೆ ನಡೆದುಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ. ಈ ಕೈಪಿಡಿಯ ಪ್ರತಿ ಹಂತಕ್ಕೂ ಈ ಮಾತೇ ಆಧಾರ.

ಹಂತ 1: ಮೊದಲು ನಮ್ಮಲ್ಲೇ ಅಭ್ಯಾಸ ಮಾಡಿ

ತೂಗುಸೇತುವೆ ಕನ್ನಡಿಗರಿಗೆ ಹೊಸದಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಕರ್ನಾಟಕದಲ್ಲೂ ನೆರೆಯ ರಾಜ್ಯಗಳಲ್ಲೂ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ದ್ವೀಪಗಳಾಗುತ್ತಿದ್ದ ಊರುಗಳಿಗೆ ಅವು ದಾರಿಯಾದವು.

ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ, ಉಡುಪಿ ಹತ್ತಿರದ ಕೆಮ್ಮಣ್ಣು, ಇಂಥ ಕಡೆ ಹೋಗಿ ನಾಲ್ಕಾರು ಸಲ ಅತ್ತಿಂದಿತ್ತ ನಡೆಯಿರಿ. ಎತ್ತರ ಕಡಿಮೆಯಾದರೂ ತೂಗಾಟದ ಅನುಭವ ಅದೇ. ನೆಲ ಅಲುಗಿದಾಗ ನಿಮ್ಮ ಮೈ ಏನು ಮಾಡುತ್ತದೆ ಗಮನಿಸಿ: ಭುಜ ಬಿಗಿಯುತ್ತದೆಯೇ, ಉಸಿರು ಕಟ್ಟುತ್ತದೆಯೇ, ಹೆಜ್ಜೆ ಓಡುತ್ತದೆಯೇ? ಇದು ಮೊದಲೇ ಗೊತ್ತಿದ್ದರೆ ನೇಪಾಳದಲ್ಲಿ ಸುಧಾರಿಸಿಕೊಳ್ಳುವುದು ಸುಲಭ.

ಜೊತೆಗೆ ಕಾಲಿಗೆ ಶಕ್ತಿ ಬೇಕು. ಹೊರಡುವ ಎರಡು ಮೂರು ತಿಂಗಳು ಮೊದಲಿನಿಂದ ಬೆನ್ನಿಗೆ ಚೀಲ ಹಾಕಿ ಮೆಟ್ಟಿಲು ಹತ್ತಿ ಇಳಿಯಿರಿ. ಕುಮಾರಪರ್ವತದಂಥ ದೊಡ್ಡ ಏರು ಒಮ್ಮೆಯಾದರೂ ಹತ್ತಿಳಿದಿದ್ದರೆ ಒಳ್ಳೆಯದು.

ಹಂತ 2: ಸೇತುವೆ ಹೇಗೆ ನಿಂತಿದೆ ಎಂದು ತಿಳಿಯಿರಿ

ಭಯದ ಬಹುಪಾಲು ಹುಟ್ಟುವುದು ತಿಳಿಯದ್ದರಿಂದ. ನೇಪಾಳದ ಬೆಟ್ಟಗಳಲ್ಲಿ ಎರಡು ಬಗೆಯ ಕಾಲುಸೇತುವೆಗಳಿವೆ. ಒಂದಕ್ಕೆ ಎರಡೂ ದಡದಲ್ಲಿ ಗೋಪುರವಿದ್ದು, ಅದರ ಮೇಲಿಂದ ಬಂದ ಕೇಬಲ್ಲಿಗೆ ನಡೆಯುವ ಹಾಸು ತೂಗುತ್ತದೆ. ಇನ್ನೊಂದಕ್ಕೆ ಗೋಪುರವಿಲ್ಲ. ಉಕ್ಕಿನ ಕೇಬಲ್‌ಗಳನ್ನು ಎರಡೂ ಬೆಟ್ಟಗಳ ಕಲ್ಲು-ಕಾಂಕ್ರೀಟಿನ ಕಟ್ಟೆಗಳಲ್ಲಿ ಹೂತು ಬಿಗಿದಿರುತ್ತಾರೆ. ಕಣಿವೆ ಆಳವಿರುವಲ್ಲಿ ಕಾಣಸಿಗುವುದು ಹೆಚ್ಚಾಗಿ ಈ ಎರಡನೆಯ ಬಗೆ. ಇದರ ನಡು ತಗ್ಗಾಗಿರುತ್ತದೆ, ಹಾಗಾಗಿ ಅರ್ಧ ದಾರಿ ಇಳಿಜಾರು, ಉಳಿದರ್ಧ ಏರು. ತಗ್ಗು ಕಂಡು ಸೇತುವೆ ಜೋತುಬಿದ್ದಿದೆ ಎಂದು ಹೆದರಬೇಡಿ. ಹಾಗೆ ಬಾಗಿರುವುದರಿಂದಲೇ ಕೇಬಲ್ಲಿನ ಮೇಲಿನ ಎಳೆತ ಹಿಡಿತದಲ್ಲಿರುತ್ತದೆ. ಉದ್ದದ ಸೇತುವೆಗಳಲ್ಲಿ ಗಾಳಿಗೆ ಹೊಯ್ದಾಡದಂತೆ ಎರಡೂ ಪಕ್ಕದಿಂದ ಎಳೆದು ಕಟ್ಟಿದ ಹಗ್ಗಗಳೂ ಇರುತ್ತವೆ.

ಸ್ವಿಟ್ಜರ್ಲೆಂಡಿನ ನೆರವಿನೊಂದಿಗೆ ನೇಪಾಳ ಹಲವು ದಶಕಗಳಿಂದ ಸಾವಿರಾರು ಇಂಥ ಸೇತುವೆಗಳನ್ನು ಕಟ್ಟಿದೆ. ರಸ್ತೆಯಿಲ್ಲದ ಕಡೆ ಊರವರೇ ಸಾಲಾಗಿ ನಿಂತು, ಉದ್ದನೆಯ ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿಸುತ್ತಾರೆ.

ಸೇತುವೆ ಅಲುಗಾಡುವುದು ಅದರ ಗುಣ. ಆದರೆ ಎಲ್ಲರೂ ಒಂದೇ ತಾಳದಲ್ಲಿ ಹೆಜ್ಜೆ ಹಾಕಿದರೆ ಆ ಅಲುಗಾಟ ಹೆಚ್ಚುತ್ತಾ ಹೋಗುತ್ತದೆ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆದಾಗ ನಡೆದದ್ದು ಇದೇ. ಸೇತುವೆ ಕೊಂಚ ವಾಲಿದಾಗ ಜನ ಅರಿವಿಲ್ಲದೆ ಅದರ ಲಯಕ್ಕೇ ಹೆಜ್ಜೆ ಹಾಕಿದರು, ವಾಲಾಟ ಇನ್ನೂ ಹೆಚ್ಚಿತು. ಎರಡೇ ದಿನದಲ್ಲಿ ಅದನ್ನು ಮುಚ್ಚಿ, ಅಲುಗಾಟ ತಗ್ಗಿಸುವ ಸಾಧನ ಅಳವಡಿಸಿ, 2002ರಲ್ಲಿ ಮತ್ತೆ ತೆರೆಯಬೇಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಏಳನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಕಾಲ ಮತ್ತು ಕಾಗದಪತ್ರ

ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಮುಂಗಾರಿನಲ್ಲಿ ದಾರಿ ಜಾರುತ್ತದೆ, ಮೋಡದಿಂದಾಗಿ ಲುಕ್ಲಾ ವಿಮಾನಗಳೂ ರದ್ದಾಗುತ್ತಿರುತ್ತವೆ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲೇಬೇಕು. ಆಧಾರ್ ಕಾರ್ಡ್ ಒಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಮೊಂಜೊ ಎಂಬ ಊರು ದಾಟಿದರೆ ಸಾಗರಮಾಥಾ ರಾಷ್ಟ್ರೀಯ ಉದ್ಯಾನ. ಅದಕ್ಕೂ ಸ್ಥಳೀಯ ಗ್ರಾಮಪಾಲಿಕೆಗೂ ಬೇರೆ ಬೇರೆ ಪ್ರವೇಶ ಶುಲ್ಕವಿದೆ. ಸಾರ್ಕ್ ದೇಶದವರಿಗೆ ಉದ್ಯಾನದ ಶುಲ್ಕ ಉಳಿದ ವಿದೇಶಿಯರಿಗಿಂತ ಕಡಿಮೆ, ಆದ್ದರಿಂದ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.

ಕಠ್ಮಂಡುವಿನಿಂದ ಲುಕ್ಲಾಕ್ಕೆ ಪುಟ್ಟ ವಿಮಾನ. ಜನಸಂದಣಿಯ ತಿಂಗಳುಗಳಲ್ಲಿ ವಿಮಾನಗಳು ಹೆಚ್ಚಾಗಿ ರಾಮೆಛಾಪ್‌ನಿಂದ ಹಾರುತ್ತವೆ, ಅಲ್ಲಿಗೆ ಕಠ್ಮಂಡುವಿನಿಂದ ನಾಲ್ಕೈದು ಗಂಟೆಯ ರಸ್ತೆ. ಹವಾಮಾನ ಕೆಟ್ಟರೆ ಕಾಯಬೇಕಾಗುತ್ತದೆ, ಕೈಯಲ್ಲಿ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ.

ಹಂತ 4: ಸೇತುವೆಗೆ ತಕ್ಕ ಸಾಮಾನು

- ಹಿಡಿತ ಚೆನ್ನಾಗಿರುವ, ಮೊದಲೇ ಪಳಗಿಸಿದ ಶೂ. ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿಡಿ, ಜಾಲರಿಗೆ ಸಿಕ್ಕಿಕೊಂಡರೆ ಮುಗ್ಗರಿಸುತ್ತೀರಿ.
- ತೆಳು ಕೈಗವಸು. ಬೆಳಗಿನ ಚಳಿಗೆ ಉಕ್ಕಿನ ಹಗ್ಗ ಕೊರೆಯುತ್ತಿರುತ್ತದೆ, ಅಲ್ಲಲ್ಲಿ ತಂತಿಯ ಎಳೆ ಎದ್ದಿರುವುದೂ ಉಂಟು.
- ಗದ್ದಕ್ಕೆ ದಾರವಿರುವ ಟೋಪಿ. ಮೊಬೈಲ್‌ಗೆ ಕೊರಳಪಟ್ಟಿ, ಇಲ್ಲವೇ ಜಿಪ್ ಇರುವ ಜೇಬು.
- ಮಡಚಬಹುದಾದ ಊರುಗೋಲು. ಸೇತುವೆಯ ಮೇಲೆ ಅದನ್ನು ಊರಬೇಡಿ, ಚೂಪು ತುದಿ ಜಾಲರಿಯ ತೂತಿಗೆ ಇಳಿದು ಸಿಕ್ಕಿಬೀಳುತ್ತದೆ.
- ಚೀಲದ ಹೊರಗೆ ಬಾಟಲಿ, ಚಾಪೆ, ಟವೆಲ್ ಏನೂ ನೇತಾಡದಿರಲಿ. ಸೊಂಟಪಟ್ಟಿ ಬಿಗಿದಿರಲಿ, ಭಾರ ಬೆನ್ನಿಗೆ ಅಂಟಿದಂತೆ ಕೂರಲಿ.

ಹಂತ 5: ಸಣ್ಣದರಿಂದ ಶುರುಮಾಡಿ, ಬೆಳಿಗ್ಗೆ ಬೇಗ ಹೊರಡಿ

ಲುಕ್ಲಾ ಸುಮಾರು 2,850 ಮೀಟರ್ ಎತ್ತರದಲ್ಲಿದೆ. ಮೊದಲ ದಿನ 2,610 ಮೀಟರಿನ ಫಾಕ್ಡಿಂಗ್‌ಗೆ ಇಳಿದರೆ ಸಾಕು, ಮೂರು ಗಂಟೆಯ ಹದವಾದ ನಡಿಗೆ. ದಾರಿಯಲ್ಲಿ ಸಿಗುವ ಸೇತುವೆಗಳನ್ನು ಅವಸರಪಡದೆ ದಾಟಿ, ಮರುದಿನಕ್ಕೆ ಧೈರ್ಯ ಕೂಡಿಕೊಳ್ಳುತ್ತದೆ.

ಎರಡನೆಯ ದಿನ ಉದ್ದದ್ದು. ಬೆಂಕರ್, ಮೊಂಜೊ, ಜೋರ್ಸಲೆ ದಾಟಿ 3,440 ಮೀಟರಿನ ನಾಮ್ಚೆಗೆ ಏರಬೇಕು. ಬೆಳಿಗ್ಗೆ ಏಳರ ಹೊತ್ತಿಗೆ ಹೊರಟುಬಿಡಿ. ಬಿಸಿಲೇರಿದಂತೆ ಬೆಟ್ಟದ ಇಳಿಜಾರು ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಅದರ ಜಾಗ ತುಂಬಲು ಕಣಿವೆಯ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಅದು ಸೇತುವೆಯನ್ನು ಪಕ್ಕಕ್ಕೆ ತಳ್ಳುವಷ್ಟು ಜೋರಾಗಬಹುದು. ನಾಮ್ಚೆಯ ಏರಿಗೆ ಮುನ್ನ ಸಿಗುವ ದೊಡ್ಡ ಸೇತುವೆಯನ್ನು (ಹಂತ 9) ಮಧ್ಯಾಹ್ನದೊಳಗೆ ದಾಟಿಬಿಡುವುದು ಹೊಸಬರಿಗೆ ಕ್ಷೇಮ.

ಹಂತ 6: ಸೇತುವೆಯ ಬಾಯಲ್ಲಿ ನಿಂತು ನೋಡಿ, ಕೇಳಿ

ಕಾಲಿಡುವ ಮುನ್ನ ಒಂದು ನಿಮಿಷ ನಿಲ್ಲಿ. ಆಚೆ ದಡದಲ್ಲಿ ಯಾರಿದ್ದಾರೆ? ಗಂಟೆಯ ಸದ್ದು ಕೇಳುತ್ತಿದೆಯೇ? ಈ ಭಾಗದಲ್ಲಿ ಹೇಸರಗತ್ತೆಗಳೂ, ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಜೋಪ್ಕ್ಯೊಗಳೂ ಸಾಲಾಗಿ ಸಾಮಾನು ಹೊತ್ತು ಬರುತ್ತವೆ. ಎರಡೂ ಪಕ್ಕಕ್ಕೆ ಗ್ಯಾಸ್ ಸಿಲಿಂಡರ್ ಕಟ್ಟಿದ ಪ್ರಾಣಿ ಸೇತುವೆಯ ಅಗಲವನ್ನೆಲ್ಲ ತುಂಬಿಕೊಂಡೇ ನಡೆಯುತ್ತದೆ. ಅದು ನಿಲ್ಲುವುದಿಲ್ಲ, ಹಿಂದೆ ಸರಿಯುವುದೂ ಇಲ್ಲ. ಸಾಲು ಆ ತುದಿ ಹತ್ತಿದ್ದರೆ ಈ ತುದಿಯಲ್ಲೇ ಕಾಯಿರಿ.

ಕಾಯುವಾಗಲೂ ಬೆಟ್ಟದ ಗೋಡೆಯ ಕಡೆ ನಿಲ್ಲಿ. ಪ್ರಪಾತದ ಅಂಚಿನಲ್ಲಿ ನಿಂತವರನ್ನು ಮೂಟೆ ತಗುಲಿ ಕೆಳಕ್ಕೆ ನೂಕುವ ಅಪಾಯ ನಿಜವಾದದ್ದು.

ಹೊರೆಯಾಳುಗಳ ವಿಷಯದಲ್ಲೂ ಇದೇ ನಿಯಮ. ಬೆನ್ನಿಗೆ ಡೋಕೊ ಬುಟ್ಟಿ, ಅದರ ಭಾರವನ್ನೆಲ್ಲ ಹಿಡಿದ ನಾಮ್ಲೊ ಪಟ್ಟಿ ಹಣೆಯ ಮೇಲೆ, ಕೈಯಲ್ಲೊಂದು ಗಿಡ್ಡ ಕೋಲು. ತಲೆ ತಗ್ಗಿಸಿ ನಡೆಯುವ ಅವರಿಗೆ ಎದುರಿನವರು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ನಡುಸೇತುವೆಯಲ್ಲಿ ನಿಂತರೆ ಆ ಹೊರೆ ಹೊತ್ತು ಮತ್ತೆ ಹೆಜ್ಜೆ ಎತ್ತುವುದು ಕಷ್ಟ. ಅವರು ದಾಟಿ ಬರಲಿ, ನಮಸ್ತೆ ಹೇಳಿ ನಂತರ ನೀವು ಹೊರಡಿ.

ಹಂತ 7: ದಾಟುವ ಕ್ರಮ

1. ಗುಂಪಿನಲ್ಲಿದ್ದರೆ ಒಬ್ಬರಿಂದೊಬ್ಬರಿಗೆ ಐದಾರು ಹೆಜ್ಜೆ ಅಂತರ ಬಿಡಿ. ಮುಂದಿನವರ ತಾಳಕ್ಕೆ ಹೆಜ್ಜೆ ಕೂಡಿಸಬೇಡಿ.
2. ಹಾಸಿನ ನಟ್ಟನಡುವೆ ನಡೆಯಿರಿ. ಅಂಚಿಗೆ ಹೋದಷ್ಟೂ ಅದು ವಾಲುತ್ತದೆ.
3. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ, ಮಂಡಿ ತುಸು ಸಡಿಲವಿರಲಿ. ಮಂಡಿ ಬಿಗಿದರೆ ಸೇತುವೆಯ ಪ್ರತಿ ಅಲುಗೂ ನೇರ ತಲೆಗೇ ಬಡಿಯುತ್ತದೆ.
4. ಕೈ ಹಗ್ಗವನ್ನು ಮುಟ್ಟಿಕೊಂಡು ಸಾಗಲಿ. ಜೋತುಬಿದ್ದರೆ ಹಗ್ಗದ ಜೊತೆ ನೀವೂ ಓಲಾಡುತ್ತೀರಿ.
5. ನೋಟ ಎಂಟು ಹತ್ತು ಅಡಿ ಮುಂದೆ ಹಾಸಿನ ಮೇಲಿರಲಿ. ಕಾಲ ಕೆಳಗಿನ ತೂತಿನಲ್ಲಿ ನೀರು ನೋಡುತ್ತಾ ನಡೆದರೆ ತಲೆ ಸುತ್ತುತ್ತದೆ.
6. ನಡುವಿನ ತಗ್ಗಿನಿಂದ ಮುಂದೆ ಏರು. ಈ ಎತ್ತರದಲ್ಲಿ ಗಾಳಿ ತೆಳು, ಓಡಿದರೆ ಏದುಸಿರು ಬರುತ್ತದೆ. ವೇಗ ತಗ್ಗಿಸಿ.

ಹಂತ 8: ನಡುವೆ ಭಯ ಹಿಡಿದರೆ

ನಿಲ್ಲಿ. ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಾಲು ಕೊಂಚ ಅಗಲಿಸಿ, ಆಚೆ ದಡದ ಒಂದು ಮರವನ್ನೋ ಕಲ್ಲನ್ನೋ ದಿಟ್ಟಿಸಿ. ನಾಲ್ಕೈದು ಸಲ ಉಸಿರನ್ನು ನಿಧಾನವಾಗಿ ಹೊರಬಿಡಿ. ನಿಮ್ಮ ಹೆಜ್ಜೆಯೇ ಎಬ್ಬಿಸಿದ ತೂಗಾಟ ನೀವು ನಿಂತ ಕೂಡಲೇ ತಗ್ಗತೊಡಗುತ್ತದೆ. ಅದು ಇಳಿದ ಮೇಲೆ ಮತ್ತೆ ಹೊರಡಿ. ತಟ್ಟನೆ ತಿರುಗಿ ಓಡುವುದು, ಕುಳಿತುಬಿಡುವುದು ಎರಡೂ ಬೇಡ, ಹಿಂದೆ ಬರುವವರಿಗೆ ದಾರಿ ಕಟ್ಟುತ್ತದೆ.

ಜೊತೆಗಾರರು ಹೆದರಿದ್ದರೆ ಕೀಟಲೆ ಮಾಡಬೇಡಿ. ಅವರ ಮುಂದೆ ಒಬ್ಬರು, ಹಿಂದೆ ಒಬ್ಬರು ನಡೆಯಿರಿ. ಮುಂದಿನವರ ಚೀಲವನ್ನು ನೋಡುತ್ತಾ ಬರಲು ಹೇಳಿದರೆ ಬಹಳ ಮಂದಿ ದಾಟಿಬಿಡುತ್ತಾರೆ.

ಹಂತ 9: ಹಿಲರಿ ಸೇತುವೆ, ಆಮೇಲಿನ ಏರು

ಜೋರ್ಸಲೆಯಿಂದ ಮುಂದೆ ನದಿಪಾತ್ರದ ಬದಿಯಲ್ಲಿ ನಡೆದು, ಕಡಿದಾದ ಮೆಟ್ಟಿಲು ಹತ್ತಿದರೆ ಭೋಟೆ ಕೋಶಿ ಮತ್ತು ದೂಧ್ ಕೋಶಿ ಕೂಡುವ ಜಾಗದ ಮೇಲೆ ಎರಡು ಸೇತುವೆಗಳು ಒಂದರ ಮೇಲೊಂದು ತೂಗುತ್ತಿರುವುದು ಕಾಣುತ್ತದೆ. ಕೆಳಗಿನದು ಹಳೆಯದು, ಚಾರಣಿಗರು ದಾಟುವುದು ಮೇಲಿನ ಹಿಲರಿ ಸೇತುವೆಯನ್ನು. ಎರಡೂ ಪಕ್ಕದ ಜಾಲರಿಗೆ ಕಟ್ಟಿದ ಪ್ರಾರ್ಥನಾ ಪತಾಕೆಗಳೂ ರೇಷ್ಮೆಯ ಖಾತಾ ಶಾಲುಗಳೂ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತವೆ. ಅವು ಶೇರ್ಪಾ ಜನರ ಶ್ರದ್ಧೆಯವು, ಬಿಚ್ಚಬೇಡಿ, ಎಳೆಯಬೇಡಿ. ಹಿಂದಿನ ಸೇತುವೆಗಳಲ್ಲಿ ಕಲಿತದ್ದನ್ನೇ ಇಲ್ಲೂ ಮಾಡಿ. ಎತ್ತರ ಹೆಚ್ಚಾದರೂ ನಡೆಯುವ ರೀತಿ ಬದಲಾಗುವುದಿಲ್ಲ.

ದಾಟಿದೆವೆಂಬ ಹುಮ್ಮಸ್ಸಿನಲ್ಲಿ ಮುಂದಿನ ಏರನ್ನು ಓಡಬೇಡಿ. ನಾಮ್ಚೆಗೆ ಇನ್ನೂ ಎರಡು ಮೂರು ಗಂಟೆಯ ನಿಲ್ಲದ ಏರು. ಈ ದಾರಿಯಲ್ಲಿ ನಿಜವಾಗಿ ಅಂಜಬೇಕಾದದ್ದು ಎತ್ತರದ ಕಾಯಿಲೆಗೆ. ತಲೆನೋವು, ವಾಕರಿಕೆ ಕಂಡರೆ ಮೇಲೇರುವುದನ್ನು ನಿಲ್ಲಿಸಿ, ಅವು ಹೆಚ್ಚಾದರೆ ಇಲ್ಲವೇ ತೂರಾಟ ಕಂಡರೆ ತಕ್ಷಣ ಕೆಳಗಿಳಿಯಿರಿ. ನಾಮ್ಚೆಯಲ್ಲಿ ಎರಡು ರಾತ್ರಿ ತಂಗಿ, ಮೈ ಆ ಎತ್ತರಕ್ಕೆ ಒಗ್ಗಲಿ.

ಎಂದೂ ಮಾಡಬಾರದ್ದು

ಸೇತುವೆಯ ಮೇಲೆ ಕುಣಿಯುವುದು, ಬೇಕೆಂದೇ ಅಲುಗಿಸುವುದು, ನಡುವೆ ಗುಂಪುಗಟ್ಟಿ ಫೋಟೋ ತೆಗೆಸಿಕೊಳ್ಳುವುದು, ಇವು ತಮಾಷೆಯಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯ ತೂಗುಸೇತುವೆ ಜನ ಕಿಕ್ಕಿರಿದಿದ್ದಾಗ ಕುಸಿದು 135 ಜನ ಸತ್ತರು. ಒಂದು ಮುಖ್ಯ ಕೇಬಲ್ಲಿನ ಅರ್ಧದಷ್ಟು ತಂತಿಗಳು ತುಕ್ಕು ಹಿಡಿದಿದ್ದುದನ್ನು ತನಿಖೆ ಹೊರಗೆಡವಿತು. ನಿರ್ವಹಣೆ ಕಟ್ಟಿದವರ, ನೋಡಿಕೊಳ್ಳುವವರ ಹೊಣೆ. ಭಾರ ಹೆಚ್ಚಿಸದಿರುವುದು, ಅಲುಗಿಸದಿರುವುದು ನಮ್ಮ ಹೊಣೆ. ಹಾಸಿನ ತಗಡು ಕಳಚಿದ್ದರೆ, ಪಕ್ಕದ ಜಾಲರಿ ಹರಿದಿದ್ದರೆ, ಸೇತುವೆ ಮುಚ್ಚಿದೆ ಎಂಬ ಫಲಕವಿದ್ದರೆ, ಆ ಊರಿನವರನ್ನು ಕೇಳದೆ ಕಾಲಿಡಬೇಡಿ.

ಫೋಟೋ ಬೇಕಿದ್ದರೆ ದಡದಿಂದ ತೆಗೆಯಿರಿ, ಸೇತುವೆ ಪೂರ್ತಿ ಕಾಣುವುದೂ ಅಲ್ಲಿಂದಲೇ. ಬರುವ ಅಕ್ಟೋಬರಿಗೆ ಹೋಗುವ ಮನಸ್ಸಿದ್ದರೆ ಇಂದಿನಿಂದಲೇ ಮೆಟ್ಟಿಲು ಹತ್ತಲು ಶುರುಮಾಡಿ. ಹೋದಾಗ ಹೊರೆ ಹೊತ್ತವರಿಗೆ, ಮೂಕಪ್ರಾಣಿಗೆ, ಶಾಲೆಯ ಮಗುವಿಗೆ ಮೊದಲು ದಾರಿ ಬಿಡಿ. ನಾವು ಅಲ್ಲಿ ನಾಲ್ಕು ದಿನದ ಅತಿಥಿಗಳು, ಸೇತುವೆ ಅವರದು.